ನಂಬರ್ ಪ್ಲೇಟ್ ಇರೋ ಡರ್ಟ್ ಬೈಕ್: ಮಲ್ನಾಡಲ್ಲಿ ಯಾವ್ದು ತಗೊಳೋದು, ಹೆಂಗೆ ನೋಡಿ ತಗೊಳೋದು

ಶಿವಮೊಗ್ಗ ಕಡೆ ಈಗ ಡರ್ಟ್ ಬೈಕ್ ಹುಚ್ಚು ಜೋರಾಗೇ ಇದೆ. ತೀರ್ಥಹಳ್ಳಿ, ಹೊಸನಗರ, ಸಾಗರ, ಯಾವ ಪೇಟೆಗೆ ಹೋದ್ರೂ ಎತ್ತರದ ಮಡ್‌ಗಾರ್ಡಿನ ಒಂದು ಗಾಡಿ ಕೆಸರು ಮೆತ್ಕೊಂಡು ಹೋಟ್ಲು ಮುಂದೆ ನಿಂತಿರತ್ತೆ. ಯಾವ್ದು ತಗೊಳ್ಲಿ ಅಂತ ಕೇಳೋ ಹುಡುಗ್ರೆಲ್ಲ ಮೊದ್ಲು ಶುರು ಮಾಡೋದು ಎಷ್ಟು ಸಿಸಿ, ಎಷ್ಟು ಸ್ಪೀಡ್ ಹೋಗತ್ತೆ ಅಂತ. ನಾನು ತಿರುಗಿ ಕೇಳೋದು ಒಂದೇ ಮಾತು: ಕೆಸರಲ್ಲಿ ಅಡ್ಡ ಬಿದ್ರೆ ನೀನೊಬ್ನೇ ಎತ್ತಕ್ಕಾಗತ್ತಾ? ನಮ್ಮ ಕಡೆ ದಾರೀಲಿ ಮಧ್ಯಾಹ್ನ ಎರಡು ಗಂಟೆಗೆ ಬಿದ್ರೆ ಮುಂದಿನ ಜೀಪು ಬರೋದು ಹಾಲಿನ ಟೈಮಿಗೇನೆ, ಅಲ್ಲೀ ತನಕ ನೆಟ್‌ವರ್ಕೂ ಇರಲ್ಲ. ಹಂಗಾಗಿ ಇಲ್ಲಿ ಹೇಳೋದೆಲ್ಲ ಆ ಒಂದು ಪ್ರಶ್ನೆ ಸುತ್ತಲೇ ತಿರುಗತ್ತೆ, ಪವರ್ ಬಗ್ಗೆ ಕೇಳಕ್ಕೆ ಬಂದೋರಿಗೆ ಸ್ವಲ್ಪ ಬೇಜಾರಾಗ್ಬೋದು.

ಮೊದ್ಲು ಕಾಗದ ಪತ್ರ

ಡರ್ಟ್ ಬೈಕಲ್ಲಿ ಎರಡು ಜಾತಿ ಇದೆ. ಒಂದು ಬರೀ ಟ್ರ್ಯಾಕಲ್ಲಿ, ಇಲ್ಲಾಂದ್ರೆ ಸ್ವಂತ ಜಾಗದ ಬೇಲಿ ಒಳಗೆ ಓಡ್ಸಕ್ಕೆ ಮಾಡಿದ್ದು, ಅದ್ರಲ್ಲಿ ಇಂಡಿಕೇಟರ್ ಇಲ್ಲ, ಕನ್ನಡಿ ಇಲ್ಲ, ಅದು ರಿಜಿಸ್ಟ್ರೇಷನ್ ಆಗಲ್ಲ. ಕವಾಸಕಿಯ ಕೆಎಕ್ಸ್ ಸೀರೀಸು, ಕೆಎಲ್‌ಎಕ್ಸ್ 110, ಕೆಎಲ್‌ಎಕ್ಸ್ 230ಆರ್ ಎಸ್ ಇವೆಲ್ಲ ಈ ಜಾತಿ. ಇನ್ನೊಂದು ರೋಡಿಗೂ ಸೈ ಕಾಡಿಗೂ ಸೈ ಅನ್ನೋದು, ಕೆಎಲ್‌ಎಕ್ಸ್ 230, ಹೀರೋ ಎಕ್ಸ್‌ಪಲ್ಸ್, ಕೆಟಿಎಂ 390 ಎಂಡ್ಯೂರೋ ಆರ್ ಇವು. ಗಮನಿಸಿ, ಕೆಎಲ್‌ಎಕ್ಸ್ 230 ಅಂತ ಎರಡರ ಮೇಲೂ ಬರ್ದಿರತ್ತೆ, ಹಿಂದೆ ಆರ್ ಎಸ್ ಅಂತ ಬಾಲ ಇದ್ದಿದ್ದು ರೋಡಿಗೆ ಬರಂಗಿಲ್ಲ. ಅರ್ಧ ಬೆಲೆಗೆ ಸಿಗ್ತಿದೆ ಅಂತ ಯಾರೋ ಫೋಟೋ ಕಳ್ಸಿದ್ರೆ ಮೊದ್ಲು ನೋಡ್ಬೇಕಾದ್ದು ಈ ಬಾಲನ.

"ಲೈಟು, ಇಂಡಿಕೇಟರ್ರು, ಹಾರ್ನು ಎಲ್ಲಾ ಹಾಕ್ಸಿ ಪಾಸಿಂಗ್ ಮಾಡಿಸ್ಕೊಡ್ತೀನಿ" ಅನ್ನೋರು ಎಲ್ಲಾ ಊರಲ್ಲೂ ಇರ್ತಾರೆ. ನಂಬ್ಬೇಡಿ. ಹೊಸ ಗಾಡಿ ರಿಜಿಸ್ಟ್ರೇಷನ್ ಆಗ್ಬೇಕಂದ್ರೆ ಆರ್‌ಟಿಓಗೆ ಫಾರಂ 20ರಲ್ಲಿ ಅರ್ಜಿ, ಡೀಲರ್ ಕೊಡೋ ಫಾರಂ 21 ಅಂದ್ರೆ ಸೇಲ್ ಸರ್ಟಿಫಿಕೇಟು, ಜತೆಗೆ ಕಂಪನಿ ಕೊಡೋ ಫಾರಂ 22, ಈ ಗಾಡಿ ರೋಡಿಗೆ ಯೋಗ್ಯ ಅನ್ನೋ ಸರ್ಟಿಫಿಕೇಟು, ಇಷ್ಟೂ ಬೇಕು. ಟ್ರ್ಯಾಕ್ ಗಾಡಿಗೆ ಕಂಪನಿಯೇ ಫಾರಂ 22 ಕೊಡಲ್ಲ, ಅಂದ್ಮೇಲೆ ನೀವು ಎಷ್ಟು ಲೈಟ್ ಕಟ್ಟಿದ್ರೂ ಅಷ್ಟೇ. ಶೋರೂಮಲ್ಲಿ ಅನುಮಾನ ಬಂದ್ರೆ ನೇರವಾಗಿ ಕೇಳಿ, ಇದಕ್ಕೆ ಫಾರಂ 22 ಬರತ್ತಾ ಅಂತ, ಉತ್ತರ ಹೌದು ಇಲ್ಲ ಎರಡರಲ್ಲಿ ಒಂದು ಇರ್ಬೇಕು, "ನೋಡಣ ಸಾರ್" ಅಂದ್ರೆ ಎದ್ದು ಬನ್ನಿ.

ರಿಜಿಸ್ಟ್ರೇಷನ್ ಇಲ್ದೆ ರೋಡಿಗೆ ಇಳಿಸಿದ್ರೆ ಮೋಟಾರು ವಾಹನ ಕಾಯ್ದೆ 192ನೇ ಸೆಕ್ಷನ್ನಲ್ಲಿ ಮೊದಲ್ನೇ ಸಲ 5,000 ರೂಪಾಯಿ ತನಕ, ಎರಡನೇ ಸಲ 10,000 ತನಕ ದಂಡ, ಜೈಲಿಗೂ ಅವಕಾಶ ಇದೆ. ದಂಡ ಹೋಗ್ಲಿ ಬಿಡಿ, ಅದಕ್ಕಿಂತ ದೊಡ್ಡ ತಲೆನೋವು ಇನ್ಶೂರೆನ್ಸ್ ಇಲ್ದೆ ಇರೋದು. ಸಂತೆ ದಿನ ಯಾರಿಗಾದ್ರೂ ತಾಗಿದ್ರೆ ಪರಿಹಾರ ಪೂರ್ತಿ ನಿಮ್ಮ ಕೈಯಿಂದ, ತೋಟ ಮಾರೋ ಲೆವೆಲ್ಲಿಗೆ ಹೋಗ್ಬೋದು.

ನಿಮ್ಮ ದಾರಿ ಎಂಥದ್ದು ಅಂತ ಬರ್ದಿಟ್ಕೊಳಿ

ಇದನ್ನ ಯಾರೂ ಮಾಡಲ್ಲ, ಆದ್ರೆ ಬೈಕ್ ಆರ್ಸೋದು ಅರ್ಧ ಇಲ್ಲೇ ಮುಗಿಯತ್ತೆ. ಒಂದು ವಾರ ನೀವು ಈಗಿರೋ ಗಾಡೀಲಿ ಎಲ್ಲೆಲ್ಲಿ ಹೋಗ್ತೀರಿ ನೋಡಿ. ಟಾರ್ ಎಷ್ಟು, ಸಿಮೆಂಟ್ ರೋಡ್ ಎಷ್ಟು, ಜಂಬಿಟ್ಟಿಗೆ ಮಣ್ಣಿನ ಏರು ಎಷ್ಟು, ಹಳ್ಳ ದಾಟೋದಿದ್ಯಾ, ಕಾಲುಸಂಕದ ಮೇಲೆ ಗಾಡಿ ತಳ್ಕೊಂಡು ಹೋಗೋದಿದ್ಯಾ. ಶಿವಮೊಗ್ಗ ಸಿಟೀಲಿ ಕೆಲಸ, ಭಾನುವಾರ ಮಾತ್ರ ಕಾಡು ಕಡೆ ಅನ್ನೋರಿಗೆ ಒಂದು ಗಾಡಿ, ನಿಟ್ಟೂರು ಸಂಪೆಕಟ್ಟೆ ಕಡೆ ಮನೆ ಇದ್ದು ದಿನಾ ಡೈರಿ, ಸೊಸೈಟಿ, ತೋಟ ಅಂತ ತಿರುಗೋರಿಗೆ ಇನ್ನೊಂದು ಗಾಡಿ. ನೂರಕ್ಕೆ ಎಂಬತ್ತು ಪಾಲು ಟಾರಲ್ಲೇ ಓಡ್ಸೋರು ಪೂರ್ತಿ ಎತ್ತರದ, ಸಣ್ಣ ಟ್ಯಾಂಕಿನ ಗಾಡಿ ತಗೊಂಡ್ರೆ ಆಯನೂರು ದಾಟೋ ಹೊತ್ತಿಗೇ ಸೀಟು ಚುಚ್ಚಕ್ಕೆ ಶುರುವಾಗತ್ತೆ, ಯಾಕಂದ್ರೆ ಡರ್ಟ್ ಬೈಕ್ ಸೀಟು ಕೂರಕ್ಕಿಂತ ನಿಂತ್ಕೊಂಡು ಓಡ್ಸೋರಿಗೆ ಅಂತ ಸಪೂರ ಮಾಡಿರ್ತಾರೆ. ಹಿಂದೆ ಹೆಂಡ್ತಿ, ಮಧ್ಯ ಮಗು, ಮುಂದೆ ಗೊಬ್ಬರದ ಚೀಲ ಅನ್ನೋ ಸಂಸಾರ ಇದ್ರೆ ದಯವಿಟ್ಟು ಮನೇಲಿ ಇನ್ನೊಂದು ಗಾಡಿ ಇಟ್ಕೊಳಿ, ಇದ್ರಲ್ಲಿ ಅದು ಆಗೋ ಮಾತಲ್ಲ.

ಮಳೆಗಾಲದ ಲೆಕ್ಕನೂ ಸೇರ್ಸಿ. ಆಗುಂಬೆ ಸುತ್ತಮುತ್ತ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮೇಲೆ ಮಳೆ ಬೀಳತ್ತೆ, ಜೂನಿಂದ ಸೆಪ್ಟೆಂಬರ್ ತನಕ ಮಣ್ಣಿನ ದಾರಿ ಅನ್ನೋದು ಬೇರೆಯೇ ವಸ್ತು. ಬೇಸಿಗೇಲಿ ಧೂಳು ಹಾರ್ಸ್ಕೊಂಡು ಹತ್ತಿದ ಏರನ್ನೇ ಜುಲೈಲಿ ನೋಡಿ, ಕಲ್ಲಿನ ಮೇಲೆ ಹಾವಸೆ, ಅದರ ಮೇಲೆ ತರಗೆಲೆ, ಅದರ ಅಡೀಲಿ ನೀರು ಕೊರೆದ ಚರಂಡಿ.

ಕಾಲು ನೆಲಕ್ಕೆ ಸಿಗ್ಬೇಕು, ಗಾಡಿ ಕೈಗೆ ಸಿಗ್ಬೇಕು

ಇದು ಮುಖ್ಯ, ಹಂಗಾಗಿ ಸ್ವಲ್ಪ ಉದ್ದ ಬರೀತೀನಿ.

ಸೀಟ್ ಹೈಟ್ ಅಂತ ಪೇಪರಲ್ಲಿ ಬರ್ದಿರೋದು ಖಾಲಿ ಗಾಡಿದು. ಎಕ್ಸ್‌ಪಲ್ಸ್ 200 4ವಿ 825 ಮಿಮೀ, ಎಕ್ಸ್‌ಪಲ್ಸ್ 210 ಆದ್ರೆ 830, 390 ಎಂಡ್ಯೂರೋ ಆರ್ ಇಲ್ಲಿಗೆ ಮೊದ್ಲು ಬಂದಿದ್ದು 860, ಕೆಎಲ್‌ಎಕ್ಸ್ 230 ಬಂದು 880, ಎಕ್ಸ್‌ಪಲ್ಸ್ ಪ್ರೋ ಅಂತೂ 891. ಆದ್ರೆ ನೀವು ಕೂತಾಗ ಸಸ್ಪೆನ್ಷನ್ ಎಷ್ಟು ಕುಗ್ಗತ್ತೆ, ಸೀಟು ತೊಡೆ ಹತ್ರ ಎಷ್ಟು ಅಗಲ ಇದೆ ಅನ್ನೋದ್ರ ಮೇಲೆ ಕಾಲು ಎಟುಕೋದು ನಿರ್ಧಾರ ಆಗತ್ತೆ. ಕೆಎಲ್‌ಎಕ್ಸ್ ಪೇಪರಲ್ಲಿ ಭಯ ಬೀಳ್ಸತ್ತೆ, ಕೂತ್ರೆ ಸೀಟು ಸಣ್ಣ, ಸಸ್ಪೆನ್ಷನ್ ಮೆತ್ತಗೆ, ಅಂದ್ಕೊಂಡಷ್ಟು ಎತ್ತರ ಅನ್ಸಲ್ಲ.

ಶೋರೂಮಿನ ಟೈಲ್ಸ್ ಮೇಲೆ ಎರಡು ಕಾಲಿನ ತುದಿ ಮುಟ್ತು ಅಂತ ಖುಷಿಯಾಗಿ ಅಡ್ವಾನ್ಸ್ ಕೊಡೋರು ತುಂಬಾ ಜನ. ನಮ್ಮ ದಾರೀಲಿ ನೆಲ ಎಲ್ಲಿ ಸಮ ಇದೆ ಹೇಳಿ? ಮಧ್ಯ ಉಬ್ಬು, ಎರಡು ಕಡೆ ಜೀಪಿನ ಚಕ್ರ ಹೋದ ಗುಂಡಿ, ಗಾಡಿ ಉಬ್ಬಿನ ಮೇಲಿದ್ರೆ ಕಾಲಿಗೆ ಅರ್ಧ ಅಡಿ ನೆಲ ಸಿಗಲ್ಲ. ನಮ್ಮ ಭಾವ ಐದಡಿ ನಾಲ್ಕಿಂಚು, ಹೊಸನಗರ ತಾಲೂಕಲ್ಲಿ ತೋಟ, ಅವ್ರಿಗೆ ಎತ್ತರದ ಗಾಡಿ ಮೇಲೇ ಮನಸು. ಪರಿಚಯದ ಹುಡುಗನ ಗಾಡಿ ಒಂದು ಮನೆಗೇ ತರ್ಸಿ, ಕೊಟ್ಟಿಗೆ ಪಕ್ಕದ ಇಳಿಜಾರಲ್ಲಿ ನಿಲ್ಸಿ ಹತ್ತಿ ಅಂದ್ವಿ. ಹತ್ತಿದ್ರು. ಎಡಗಾಲು ಇಳಿಜಾರಿನ ಕೆಳಗಡೆ ಹೋಯ್ತು, ಹುಡುಕ್ತಾ ಹುಡುಕ್ತಾ ನೆಲ ಸಿಗೋದ್ರೊಳಗೆ ಗಾಡಿ ವಾಲಿತ್ತು, ನಾವಿಬ್ರು ಹಿಡ್ಕೊಂಡ್ವಿ.

"ಭಾವ, ಎಂತ ಅನ್ಸ್ತು?"

"ಎಂತದೂ ಬೇಡ ಮಾರಾಯ, ಆ ಗಿಡ್ಡದೇ ಸಾಕು. ಇದ್ರಲ್ಲಿ ತೋಟಕ್ಕೆ ಹೋದ್ರೆ ದಿನಾ ಒಬ್ರು ಜತೆಗೆ ಬರ್ಬೇಕು ಎತ್ತಕ್ಕೆ."

ನೀವೂ ಹಂಗೇ ಮಾಡಿ. ಮಾಮೂಲಿ ಹಾಕೋ ಶೂ ಹಾಕ್ಕೊಂಡೇ ಹೋಗಿ, ಒಂದು ಪಾದ ಪೂರ್ತಿ ನೆಲಕ್ಕೆ ಕೂರ್ಬೇಕು, ಇನ್ನೊಂದು ಬ್ರೇಕ್ ಮೇಲೆ ಇದ್ರೂ ಗಾಡಿ ಅಲ್ಲಾಡ್ಬಾರ್ದು. ಅದಾದ್ಮೇಲೆ ಇಳಿದು ಎಂಜಿನ್ ಆಫ್ ಮಾಡಿ ಹತ್ತು ಹೆಜ್ಜೆ ಹಿಂದಕ್ಕೆ ತಳ್ಳಿ ನೋಡಿ, ಸಂದೀಲಿ ಗಾಡಿ ತಿರುಗ್ಸೋದು ಹಿಂಗೇ. ಹಿಂದಿನ ಸಸ್ಪೆನ್ಷನ್ನಿನ ಕೊಂಡಿ, ಅಂದ್ರೆ ಲಿಂಕೇಜ್ ಬೇರೆ ಹಾಕ್ಸಿ ಎತ್ತರ ಇಳ್ಸೋದು, ಸೀಟಿನ ಫೋಮ್ ಕೊಯ್ಸೋದು ಇವೆಲ್ಲ ದಾರಿ ಇದೆ, ಆದ್ರೆ ಸಸ್ಪೆನ್ಷನ್ ಇಳ್ಸಿದಷ್ಟೂ ಗ್ರೌಂಡ್ ಕ್ಲಿಯರೆನ್ಸ್ ಕಮ್ಮಿ, ಅಂದ್ರೆ ಯಾವುದಕ್ಕೆ ಅಂತ ದುಡ್ಡು ಕೊಟ್ರೋ ಅದನ್ನೇ ಕಳ್ಕೊಂಡಂಗೆ.

ಈಗ ತೂಕ. ಕೆಎಲ್‌ಎಕ್ಸ್ 230 ಸುಮಾರು 140 ಕೆಜಿ, ಎಕ್ಸ್‌ಪಲ್ಸ್ 200 ಸುಮಾರು 159, ಎಕ್ಸ್‌ಪಲ್ಸ್ 210 ಬಂದು 168, ಎಂಡ್ಯೂರೋ ಆರ್ 177, ರಾಯಲ್ ಎನ್‌ಫೀಲ್ಡಿನ ಹಿಮಾಲಯನ್ 450 ಆದ್ರೆ 196. ನಮ್ಮ ಲೆಕ್ಕದಲ್ಲಿ ಹೇಳ್ಬೇಕಂದ್ರೆ ಕೆಎಲ್‌ಎಕ್ಸ್ ಎರಡು ಅಡಿಕೆ ಮೂಟೆ, ಹಿಮಾಲಯನ್ ಸುಮಾರು ಮೂರು. ಹೈವೇಲಿ ಹೋಗ್ವಾಗ ಈ ಮೂರನೇ ಮೂಟೆ ಗಾಳಿಗೆ ಅಲ್ಲಾಡದಂಗೆ ಹಿಡ್ಕೊಳತ್ತೆ, ಒಳ್ಳೇದೇ, ಆದ್ರೆ ಮೊಣಕಾಲುದ್ದ ಕೆಸರಲ್ಲಿ ಅದೇ ಮೂಟೆ ಸೊಂಟ ಮುರಿಯತ್ತೆ. ಎತ್ತೋ ಕ್ರಮನೂ ಕಲ್ತಿರಿ: ಮೊದ್ಲು ಎಂಜಿನ್ ಆಫ್, ಗೇರಲ್ಲಿ ಇರ್ಲಿ, ಇಳಿಜಾರಿದ್ರೆ ಗಾಡಿ ಚಕ್ರ ಕೆಳಗಡೆಗೆ ಬರೋ ಹಂಗೆ ನೆಲದ ಮೇಲೇ ಎಳೆದು ತಿರುಗ್ಸಿ, ಆಮೇಲೆ ಸೀಟಿಗೆ ಬೆನ್ನು ಕೊಟ್ಟು ಕೂತು, ಒಂದು ಕೈಲಿ ಹ್ಯಾಂಡಲ್, ಇನ್ನೊಂದ್ರಲ್ಲಿ ಹಿಂದಿನ ಗ್ರಾಬ್ ರೈಲ್ ಹಿಡಿದು ಕಾಲಿನ ಬಲದಲ್ಲಿ ಹಿಂದಕ್ಕೆ ನಡೀರಿ. ಬೆನ್ನು ಬಗ್ಗಿಸಿ ಎತ್ತಿದ್ರೆ ಆಸ್ಪತ್ರೆ ಗ್ಯಾರಂಟಿ.

ಚಕ್ರ, ಟೈರು, ಗಾಳಿ

ನಿಜವಾದ ಡರ್ಟ್ ಬೈಕಿನ ಮುಂದಿನ ಚಕ್ರ 21 ಇಂಚು, ಹಿಂದೆ 18. ದೊಡ್ಡ ಚಕ್ರ ಕಲ್ಲು, ಬೇರು, ಗುಂಡಿ ಮೇಲೆ ಸಲೀಸಾಗಿ ಹತ್ತಿ ಇಳಿಯತ್ತೆ, ಸಣ್ಣದಾದ್ರೆ ಡಿಕ್ಕಿ ಹೊಡೆದು ನಿಲ್ಲತ್ತೆ. ಎಕ್ಸ್‌ಪಲ್ಸ್, ಕೆಎಲ್‌ಎಕ್ಸ್, ಎಂಡ್ಯೂರೋ ಆರ್ ಮೂರಲ್ಲೂ 21/18. ಹಿಮಾಲಯನ್ 21/17. ವಿ-ಸ್ಟ್ರಾಮ್ ಎಸ್‌ಎಕ್ಸ್ ಥರದ 19/17 ಗಾಡಿಗಳು ಅಡ್ವೆಂಚರ್ ಅಂತ ಹೆಸರಿಟ್ಕೊಂಡಿದ್ರೂ ಹೊಂಡ ಬಿದ್ದ ರೋಡಿಗೆ ಸರಿ, ತೋಟದ ದಾರಿಗೆ ಅಷ್ಟಕ್ಕಷ್ಟೆ. ಅಲಾಯ್ ವೀಲ್ ಬೇಡ, ಸ್ಪೋಕ್ ಇರ್ಲಿ, ಕಲ್ಲಿಗೆ ಹೊಡೆದ್ರೆ ಸ್ಪೋಕ್ ರಿಮ್ಮು ಬಗ್ಗತ್ತೆ, ಬಗ್ಗಿದ್ದನ್ನ ಸಾಗರದಲ್ಲೋ ಶಿವಮೊಗ್ಗದಲ್ಲೋ ರಿಪೇರಿ ಮಾಡಿಸ್ಬೋದು, ಅಲಾಯ್ ಬಿರುಕು ಬಿಟ್ರೆ ಹೊಸದೇ ಗತಿ.

ಸ್ಪೋಕ್ ಅಂದ್ಮೇಲೆ ಸಾಮಾನ್ಯವಾಗಿ ಟ್ಯೂಬ್ ಇರತ್ತೆ, ಟ್ಯೂಬ್ ಅಂದ್ಮೇಲೆ ಪಂಕ್ಚರ್ ಆದ್ರೆ ಚಕ್ರ ಬಿಚ್ಲೇಬೇಕು. ಟೈರ್ ಲಿವರ್ ಎರಡು, ಮುಂದಿನ ಸೈಜಿನ ಟ್ಯೂಬ್ ಒಂದು, ಆಕ್ಸಲ್ ನಟ್ಟಿಗೆ ಆಗೋ ಸ್ಪ್ಯಾನರು, ಸಣ್ಣ ಪಂಪು ಇಷ್ಟು ಬ್ಯಾಗಲ್ಲಿ ಇರ್ಲಿ. 21 ಇಂಚಿನ ಟ್ಯೂಬನ್ನ ಎಳೆದು ತುರ್ತಿಗೆ 18ಕ್ಕೂ ಹಾಕಿ ಮನೆ ಸೇರ್ಬೋದು, ಉಲ್ಟಾ ಆಗಲ್ಲ, ಅದಕ್ಕೇ ಮುಂದಿಂದು ಒಂದೇ ಇಟ್ಕೊಂಡ್ರೆ ಸಾಕು. ಮನೆ ಅಂಗಳದಲ್ಲಿ ಒಂದ್ಸಲ ಬಿಚ್ಚಿ ಹಾಕಿ ಅಭ್ಯಾಸ ಮಾಡಿ, ಉಂಬಳ ಕಾಲಿಗೆ ಹತ್ತೋ ಜಾಗದಲ್ಲಿ ಮೊದಲ್ನೇ ಪಾಠ ಬೇಡ.

ದಪ್ಪ ಬಟನ್ ಟೈರ್ ನೋಡಕ್ಕೆ ಚಂದ, ಕೆಸರಲ್ಲಿ ಕೆಲ್ಸನೂ ಮಾಡತ್ತೆ, ಆದ್ರೆ ಅದನ್ನ ಹಾಕ್ಕೊಂಡು ಮಳೇಲಿ ಆಗುಂಬೆ ಘಾಟಿ ತಿರುವು ಇಳಿದು ನೋಡಿ, ಬ್ರೇಕ್ ಹಿಡಿದ ಕಡೆ ನಿಲ್ಲಲ್ಲ, ಟಾರಿಗೆ ತಾಗೋ ರಬ್ಬರೇ ಕಮ್ಮಿ. ಜೊತೆಗೆ ಟಾರಲ್ಲಿ ಬೇಗ ಸವೆಯತ್ತೆ. ದಿನಾ ರೋಡು ಇರೋರು ಕಂಪನಿ ಕೊಟ್ಟ ಅರ್ಧಂಬರ್ಧ ಟೈರಲ್ಲೇ ಒಂದು ಮಳೆಗಾಲ ಓಡ್ಸಿ, ಆಮೇಲೂ ಸಾಲಲ್ಲ ಅನ್ಸಿದ್ರೆ ಹಿಂದೆ ಮಾತ್ರ ಬಟನ್ ಹಾಕ್ಸಿ. ಗಾಳಿ ವಿಷ್ಯ: ಮಣ್ಣಿಗೆ ಇಳಿಯೋವಾಗ 20 ಪಿಎಸ್‌ಐ ಹತ್ರಕ್ಕೆ ಇಳ್ಸಿದ್ರೆ ಹಿಡಿತ ಜಾಸ್ತಿ, ಅದಕ್ಕಿಂತ ತುಂಬಾ ಕಮ್ಮಿ ಮಾಡಿದ್ರೆ ಕಲ್ಲು ಹೊಡೆದಾಗ ರಿಮ್ಮಿಗೂ ಕಲ್ಲಿಗೂ ಮಧ್ಯ ಟ್ಯೂಬ್ ಸಿಕ್ಕಿ ಕಚ್ಚತ್ತೆ. ವಾಪಸ್ ಟಾರಿಗೆ ಬಂದ ತಕ್ಷಣ ತುಂಬ್ಸಿ.

ಎಂಜಿನ್ನು, ಬ್ರೇಕು

ಪವರ್ ಬಗ್ಗೆ ಜಾಸ್ತಿ ಹೇಳಲ್ಲ. ಎಕ್ಸ್‌ಪಲ್ಸ್ 200 ಮತ್ತೆ ಕೆಎಲ್‌ಎಕ್ಸ್ ಎರಡೂ 18-19 ಹಾರ್ಸ್‌ಪವರ್ ಸುತ್ತಮುತ್ತ, ಎಕ್ಸ್‌ಪಲ್ಸ್ 210 ಸುಮಾರು 24, ಎಂಡ್ಯೂರೋ ಆರ್ 45ರ ಹತ್ರ, ಹಿಮಾಲಯನ್ 40ರ ಹತ್ರ. ಒದ್ದೆ ಏರಲ್ಲಿ ಬೇಕಾಗಿರೋದು ಫಸ್ಟ್ ಗೇರಲ್ಲಿ ನಡೆಯೋ ಸ್ಪೀಡಲ್ಲಿ ಆಫ್ ಆಗ್ದೆ ಎಳಿಯೋ ಗುಣ, 45 ಹಾರ್ಸ್‌ಪವರ್ ಹೊಸಬ್ರ ಕೈಗೆ ಸಿಕ್ರೆ ಹಿಂದಿನ ಚಕ್ರ ಬರೀ ಗುಂಡಿ ತೋಡತ್ತೆ. ಹೈವೇಲಿ ಮಾತ್ರ ಉಲ್ಟಾ, ಶಿವಮೊಗ್ಗದಿಂದ ಬೆಂಗಳೂರಿಗೆ ತಿಂಗ್ಳಿಗೊಂದು ಸಲ ಹೋಗೋರಿಗೆ ಎಕ್ಸ್‌ಪಲ್ಸ್ 200ರ ಐದು ಗೇರು ಸುಸ್ತು ಅನ್ಸತ್ತೆ, ಅಂಥೋರು ಆರು ಗೇರಿನ 210 ನೋಡಿ. ಅದು ಲಿಕ್ವಿಡ್ ಕೂಲ್ಡ್ ಎಂಜಿನ್, ಅಂದ್ರೆ ರೇಡಿಯೇಟರ್ ಇದೆ, ಅದಕ್ಕೊಂದು ಗಟ್ಟಿ ಗಾರ್ಡ್ ಹಾಕ್ಸೋ ಖರ್ಚು ಸೇರ್ಸ್ಕೊಳಿ, ಬಿದ್ದಾಗ ಕಲ್ಲು ತಾಗಿ ಕೂಲೆಂಟ್ ಸೋರಿದ್ರೆ ಗಾಡಿ ಅಲ್ಲೇ ನಿಂತಂಗೆ.

ಟ್ಯಾಂಕ್ ನೋಡಿ. ಎಕ್ಸ್‌ಪಲ್ಸಲ್ಲಿ 13 ಲೀಟರ್, ಹಿಮಾಲಯನ್ 450ರಲ್ಲಿ 17, ಎಂಡ್ಯೂರೋ ಆರ್ 9, ಕೆಎಲ್‌ಎಕ್ಸ್ ಬರೀ ಏಳೂವರೆ ಆಸುಪಾಸು. ಹೊಸನಗರ ಬಿಟ್ಟು ಒಳಗೆ ಹೋದ್ರೆ ಬಂಕ್ ಸಿಗೋದು ಕಮ್ಮಿ, ಸಣ್ಣ ಟ್ಯಾಂಕ್ ಇರೋರು ಪೇಟೆ ಬಿಡೋವಾಗ ಫುಲ್ ಮಾಡ್ಸೋ ಚಟ ಬೆಳೆಸ್ಕೊಳಿ.

ಬ್ರೇಕಲ್ಲಿ ಒಂದೇ ವಿಷ್ಯ. 125 ಸಿಸಿ ಮೇಲಿನ ಎಲ್ಲಾ ಗಾಡಿಗೂ 2019ರಿಂದ ಎಬಿಎಸ್ ಕಡ್ಡಾಯ, ಟಾರಲ್ಲಿ ಅದು ಜೀವ ಉಳ್ಸತ್ತೆ. ಆದ್ರೆ ಜಾರೋ ಮಣ್ಣಿನ ಇಳುಕಲಲ್ಲಿ ಎಬಿಎಸ್ ಚಕ್ರನ ಲಾಕ್ ಆಗಕ್ಕೇ ಬಿಡಲ್ಲ, ಗಾಡಿ ಇಳೀತಾನೇ ಇರತ್ತೆ, ನೀವು ಬ್ರೇಕ್ ಮೇಲೆ ನಿಂತಿರ್ತೀರಿ. ಹಂಗಾಗಿ ಹಿಂದಿನ ಚಕ್ರದ ಎಬಿಎಸ್ ಆಫ್ ಮಾಡಕ್ಕಾಗತ್ತಾ, ಎಷ್ಟು ಬಟನ್ ಒತ್ಬೇಕು, ಕೀ ಆಫ್ ಮಾಡಿ ಆನ್ ಮಾಡಿದ್ರೆ ಮತ್ತೆ ಮೊದಲ್ನೇ ಸ್ಥಿತಿಗೆ ಹೋಗತ್ತಾ ಅಂತ ಶೋರೂಮಲ್ಲೇ ಮಾಡಿ ತೋರ್ಸಕ್ಕೆ ಹೇಳಿ. ಎಕ್ಸ್‌ಪಲ್ಸ್ 200 4ವಿಯಲ್ಲಿ ರೋಡ್, ಆಫ್‌ರೋಡ್, ರ‍್ಯಾಲಿ ಅಂತ ಮೂರು ಮೋಡ್ ಇದೆ, ಎಂಡ್ಯೂರೋ ಆರ್, ಹಿಮಾಲಯನ್ 450 ಎರಡ್ರಲ್ಲೂ ಹಿಂದಿಂದು ಆಫ್ ಮಾಡ್ಬೋದು.

ಹಂಗಾದ್ರೆ ಯಾವ್ದು?

ನನ್ನ ಅಭಿಪ್ರಾಯ ಕೇಳೋದಾದ್ರೆ, ಮಲ್ನಾಡಲ್ಲಿ ಒಂದೇ ಗಾಡಿ ಇಟ್ಕೊಳೋರಿಗೆ ಎಕ್ಸ್‌ಪಲ್ಸ್ 200 ಈಗ್ಲೂ ಮೊದಲ ಆಯ್ಕೆ. ಗಾಡಿ ಬೆಂಕಿ ಅಂತ ಅಲ್ಲ, ತಾಲೂಕು ಸೆಂಟರಲ್ಲೂ ಹೀರೋ ಮೆಕ್ಯಾನಿಕ್ ಸಿಗ್ತಾನೆ, ಕ್ಲಚ್ ಲಿವರ್ ಮುರಿದ್ರೆ ಅವತ್ತೇ ಸಂಜೆ ಸಿಗತ್ತೆ. ಮಣ್ಣಲ್ಲೇ ಜೀವನ ಅನ್ನೋರಿಗೆ, ಎತ್ತರ ಇರೋರಿಗೆ ಕೆಎಲ್‌ಎಕ್ಸ್ 230, ಅದರ ಹಗುರಕ್ಕೆ ಈ ರೇಂಜಲ್ಲಿ ಸಾಟಿ ಇಲ್ಲ. 2024ರ ಕೊನೇಲಿ ಬಂದಾಗ 3.30 ಲಕ್ಷ ಎಕ್ಸ್‌ಶೋರೂಮ್ ಅಂತ ಕೇಳಿ ಎಲ್ರೂ ನಕ್ಕಿದ್ರು, ಆಮೇಲೆ ಇಲ್ಲೇ ತಯಾರಿ ಶುರು ಮಾಡಿ ಎರಡು ಲಕ್ಷದ ಹತ್ರಕ್ಕೆ ಇಳ್ಸಿದ್ಮೇಲೆ ಮಾತೇ ಬೇರೆ ಆಯ್ತು. ಆದ್ರೆ ಸರ್ವೀಸ್ ಸೆಂಟರ್ ನಿಮ್ಮನೆಯಿಂದ ಎಷ್ಟು ದೂರ, ಪಾರ್ಟ್ ಆರ್ಡರ್ ಮಾಡಿದ್ರೆ ಎಷ್ಟು ದಿನ, ಇದನ್ನ ಡೀಲರ್ ಹತ್ರ ಕೇಳ್ಬೇಡಿ, ಆ ಗಾಡಿ ಇಟ್ಕೊಂಡಿರೋ ಇಬ್ರನ್ನ ಹುಡುಕಿ ಕೇಳಿ. 390 ಎಂಡ್ಯೂರೋ ಆರ್ ಕೈ ಪಳಗಿದೋರ ಗಾಡಿ, ಮೊದಲ ಡರ್ಟ್ ಬೈಕಾಗಿ ಬೇಡ. ಹಿಮಾಲಯನ್ 450 ಒಳ್ಳೇ ದೂರದ ಗಾಡಿ, ಲಗೇಜು ಕಟ್ಕೊಂಡು ಹೋಗಕ್ಕೆ ಬೊಂಬಾಟ್, ತೋಟದ ದಾರಿಗೆ ತಂದು ಅದನ್ನ ಬೈಯೋದು ಅನ್ಯಾಯ.

ದುಡ್ಡಿನ ಲೆಕ್ಕ

ಎಕ್ಸ್‌ಶೋರೂಮ್ ನೋಡಿ ಮನಸ್ಸಲ್ಲಿ ಲೆಕ್ಕ ಹಾಕ್ಬೇಡಿ. ಕರ್ನಾಟಕದಲ್ಲಿ ಒಂದು ಲಕ್ಷ ಮೇಲಿನ ಬೈಕಿಗೆ ಲೈಫ್ ಟ್ಯಾಕ್ಸೇ 18 ಪರ್ಸೆಂಟು, ಅದರ ಮೇಲೆ ಸೆಸ್ಸು ಬೇರೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ತನಕ ಜಿಎಸ್‌ಟಿ 18 ಪರ್ಸೆಂಟಿಗೆ ಇಳೀತು, ಅದರ ಮೇಲಿಂದಕ್ಕೆ 40 ಆಯ್ತು, ದೊಡ್ಡ ಗಾಡಿ ಸಣ್ಣ ಗಾಡಿ ನಡುವಿನ ಅಂತರ ಹಿಗ್ಗಿದ್ದು ಹಂಗೆ. ಹೊಸ ಗಾಡಿಗೆ ಐದು ವರ್ಷದ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಒಟ್ಟಿಗೇ ಕಟ್ಟೋದು ಕಡ್ಡಾಯ. ಓನ್ ಡ್ಯಾಮೇಜ್, ಅಂದ್ರೆ ನಿಮ್ಮ ಗಾಡಿಗೇ ಆದ ನಷ್ಟದ ಇನ್ಶೂರೆನ್ಸ್ ತಗೊಳೋವಾಗ ಎಂಜಿನ್ ಪ್ರೊಟೆಕ್ಷನ್ ಅನ್ನೋ ಆಡ್-ಆನ್ ಇದ್ಯಾ ಕೇಳಿ, ಹಳ್ಳ ದಾಟೋವಾಗ ಎಂಜಿನ್ನಿಗೆ ನೀರು ಹೋಗಿ ಕನೆಕ್ಟಿಂಗ್ ರಾಡ್ ಬಗ್ಗಿದ್ರೆ ಮಾಮೂಲಿ ಪಾಲಿಸೀಲಿ ದುಡ್ಡು ಬರಲ್ಲ.

ಇದಲ್ದೆ ಒಂದಿಷ್ಟು ದುಡ್ಡು ಎತ್ತಿಡಿ: ಐಎಸ್‌ಐ ಮಾರ್ಕಿನ ಹೆಲ್ಮೆಟ್, ಮೊಣಕಾಲು ಮೊಣಕೈ ಗಾರ್ಡು, ಪಾದದ ಗಂಟಿನ ಮೇಲೆ ತನಕ ಬರೋ ಗಟ್ಟಿ ಬೂಟು, ಗಾಡಿಗೆ ಎಂಜಿನ್ ಅಡಿ ಕಾಯೋ ಬ್ಯಾಶ್ ಪ್ಲೇಟು ಮತ್ತೆ ಅಲ್ಯುಮಿನಿಯಂ ಒಳಗಿರೋ ಹ್ಯಾಂಡ್ ಗಾರ್ಡು. ಗಾಡಿಗಿಂತ ಮೊದ್ಲು ಬೂಟು ತಗೊಳಿ ಅಂತೀನಿ ನಾನು, ಗಾಡಿ ಕಾಲಿನ ಮೇಲೆ ಬಿದ್ದಾಗ ಕ್ಯಾನ್ವಾಸ್ ಶೂ ಏನೂ ಮಾಡಲ್ಲ. ಸೈಲೆನ್ಸರ್ ಬದಲ್ಸೋ ಆಸೆ ಬಿಟ್ಬಿಡಿ, 52ನೇ ಸೆಕ್ಷನ್ ಪ್ರಕಾರ ಗಾಡಿ ಮೂಲ ಸ್ವರೂಪ ತಿದ್ದಂಗಿಲ್ಲ, ಅದೂ ಅಲ್ದೆ ಊರೋರು ದಾರಿ ಬಂದ್ ಮಾಡೋದು ಆ ಸೌಂಡಿಗೇನೆ.

ಸೆಕೆಂಡ್ ಹ್ಯಾಂಡ್ ಆದ್ರೆ

ಡರ್ಟ್ ಬೈಕ್ ಸೆಕೆಂಡ್ ಹ್ಯಾಂಡಲ್ಲಿ "ಸಿಟಿ ಬಿಟ್ಟು ಆಚೆ ಹೋಗಿಲ್ಲ ಸಾರ್" ಅನ್ನೋ ಮಾತು ತಪ್ದೇ ಬರತ್ತೆ. ಬಾಯಿಗೆ ಉತ್ತರ ಕೊಡ್ಬೇಡಿ, ಕೂತು ಅಡಿಗೆ ನೋಡಿ. ಎಂಜಿನ್ ಕೆಳಗಿನ ಪ್ಲೇಟಲ್ಲಿ ಗುನ್ನಗಳಿದ್ಯಾ, ಫುಟ್‌ಪೆಗ್ ತುದಿ, ಲಿವರ್ ತುದಿ ಉಜ್ಜಿದ್ಯಾ, ಫೋರ್ಕಿನ ಹೊಳೆಯೋ ಪೈಪ್ ಮೇಲೆ ಎಣ್ಣೆ ಗೆರೆ ಇದ್ಯಾ. ಏರ್ ಫಿಲ್ಟರ್ ಡಬ್ಬಿ ಬಿಚ್ಸಿ ಒಳಗೆ ಬೆರಳಾಡ್ಸಿ, ಕೆಂಪು ಮಣ್ಣು ಹತ್ತಿದ್ರೆ ಆ ಎಂಜಿನ್ ಮಣ್ಣು ತಿಂದಿದೆ ಅಂತ ಅರ್ಥ. ಸ್ಪೋಕುಗಳನ್ನ ಸ್ಪ್ಯಾನರಲ್ಲಿ ಒಂದೊಂದಾಗಿ ತಟ್ಟಿ, ಎಲ್ಲಾ ಟಿಣ್ ಅನ್ಬೇಕು, ಯಾವ್ದಾದ್ರೂ ಡಬ್ ಅಂದ್ರೆ ಅದು ಸಡಿಲ. ಮುಂದಿನ ಬ್ರೇಕ್ ಹಿಡಿದು ಗಾಡಿ ಹಿಂದೆ ಮುಂದೆ ಅಲ್ಲಾಡ್ಸಿ, ಹ್ಯಾಂಡಲ್ ಬುಡದಲ್ಲಿ ಟಕ್ ಟಕ್ ಬಂದ್ರೆ ಹ್ಯಾಂಡಲ್ ತಿರುಗೋ ಬೇರಿಂಗು, ಅಂದ್ರೆ ಕೋನ್ ಸೆಟ್ ಹೋಗಿದೆ. ಇವ್ಯಾವೂ ಗಾಡಿ ಬಿಟ್ಟು ಬರೋ ಕಾರಣ ಅಲ್ಲ, ರೇಟ್ ಇಳ್ಸೋ ಕಾರಣ. ಬಿಟ್ಟು ಬರ್ಬೇಕಾದ್ದು ಚಾಸಿ ನಂಬರ್ ಆರ್‌ಸಿಗೆ ತಾಳೆ ಆಗ್ದೆ ಇದ್ರೆ, ಇಲ್ಲಾಂದ್ರೆ ಫ್ರೇಮಲ್ಲಿ ವೆಲ್ಡಿಂಗ್ ಗುರುತು ಕಂಡ್ರೆ.

ಗಾಡಿ ನಿಮ್ಮ ಹೆಸರಿಗೆ ಆಗಕ್ಕೆ ಫಾರಂ 29, 30 ಸಹಿ ಆಗ್ಬೇಕು, ಲೋನ್ ಇದ್ದಿದ್ರೆ ಅದನ್ನ ಆರ್‌ಸಿಯಿಂದ ತೆಗ್ಸಕ್ಕೆ ಫಾರಂ 35 ಮತ್ತೆ ಬ್ಯಾಂಕಿನ ಪತ್ರ. ಹಳೇ ಹೀರೋ ಇಂಪಲ್ಸ್ ಹುಡುಕೋರು ಇನ್ನೂ ಇದ್ದಾರೆ, ಹಗುರ ಗಾಡಿ, ಚಂದ ಇದೆ, ಆದ್ರೆ ಅದು ಬಂದಿದ್ದು 2011ರಲ್ಲಿ, ಆರ್‌ಸಿ ಅವಧಿ 15 ವರ್ಷ, ಮೊದಲ ಬ್ಯಾಚಿನ ಗಾಡಿಗಳು 2026ಕ್ಕೆ ರಿನ್ಯೂವಲ್ಲಿಗೆ ಬಂದ್ವು. ಆ ಖರ್ಚು ಯಾರ ತಲೆ ಮೇಲೆ ಅಂತ ಮೊದ್ಲೇ ಮಾತಾಡಿ, ಪಾರ್ಟ್ಸಿಗೂ ಅಲೆದಾಟ ಇದೆ.

ಎಲ್ಲಿ ಓಡ್ಸ್ಬೋದು, ಎಲ್ಲಿ ಬೇಡ

ನಂಬರ್ ಪ್ಲೇಟ್ ಇದೆ ಅಂದ ಮಾತ್ರಕ್ಕೆ ಕಾಡೆಲ್ಲ ನಮ್ದಲ್ಲ. ಶೆಟ್ಟಿಹಳ್ಳಿ, ಶರಾವತಿ ಕಣಿವೆ, ಮೂಕಾಂಬಿಕಾ, ಸೋಮೇಶ್ವರ, ಭದ್ರಾ, ನಮ್ಮ ಸುತ್ತ ಅಭಯಾರಣ್ಯಗಳೇ ಜಾಸ್ತಿ. 1972ರ ವನ್ಯಜೀವಿ ಕಾಯ್ದೆ 27ನೇ ಸೆಕ್ಷನ್ ಪ್ರಕಾರ ಅಭಯಾರಣ್ಯದೊಳಗೆ ಸಾರ್ವಜನಿಕ ಹೆದ್ದಾರೀಲಿ ಹಾದು ಹೋಗ್ಬೋದು, ಅಲ್ಲಿ ವಾಸ ಇರೋರು ಓಡಾಡ್ಬೋದು, ಉಳ್ದೋರು ಪರ್ಮಿಟ್ ಇಲ್ದೆ ಒಳಗೆ ನುಗ್ಗಂಗಿಲ್ಲ. ಕೊಡಚಾದ್ರಿ ಜೀಪ್ ದಾರಿ ವಿಡಿಯೋ ನೋಡಿ ಗಾಡಿ ತಗೊಳೋರು ಜಾಸ್ತಿ, ಅದು ಮೂಕಾಂಬಿಕಾ ಅಭಯಾರಣ್ಯದ ಬೆಟ್ಟ, ಅರಣ್ಯ ಇಲಾಖೆ ಹತ್ರ ಕೇಳ್ದೇ ಬೈಕ್ ಹತ್ತಿಸ್ಬೇಡಿ, ಬಾಡಿಗೆ ಜೀಪಲ್ಲಿ ಹೋಗಿ ಬನ್ನಿ.

ಉಳಿದಿದ್ದು ಕಮ್ಮಿಯೇನಲ್ಲ. ಪಂಚಾಯ್ತಿ ಮಣ್ಣಿನ ರೋಡು, ಊರಿಂದೂರಿಗೆ ಹೋಗೋ ಒಳದಾರಿ, ಸ್ನೇಹಿತರ ಬ್ಯಾಣ ಅಂದ್ರೆ ಹುಲ್ಲುಗಾವಲು, ಇಷ್ಟರಲ್ಲೇ ವರ್ಷಗಟ್ಟಲೆ ಓಡ್ಸ್ಬೋದು. ಸೊಪ್ಪಿನ ಬೆಟ್ಟದ ದಾರಿ ಅಂದ್ರೆ ತೋಟದೋರು ಸೊಪ್ಪು ತರಕ್ಕೆ ಮಾಡ್ಕೊಂಡಿದ್ದು, ಮನೆ ಕಂಡ್ರೆ ಒಂದ್ನಿಮಿಷ ನಿಂತು, "ಅಯ್ಯಾ, ಈ ಕಡೆ ಹೋಗ್ಬೋದಾ" ಅಂತ ಕೇಳಿದ್ರೆ ಬೇಡ ಅನ್ನೋರು ಕಮ್ಮಿ, ಎಷ್ಟೋ ಸಲ ಮಜ್ಜಿಗೆನೂ ಬರತ್ತೆ. ಬೇಲಿಯ ದಣಪೆ (ಗಳದ ಗೇಟು) ತೆಗೆದ್ರೆ ಹಾಕಿ ಹೋಗಿ, ಇಲ್ಲಾಂದ್ರೆ ದನ ತೋಟಕ್ಕೆ ನುಗ್ಗತ್ತೆ, ಆಮೇಲೆ ಆ ದಾರೀಲಿ ಯಾರಿಗೂ ಪ್ರವೇಶ ಇಲ್ಲ. ಕತ್ತಲಾಗೋಕೆ ಮುಂಚೆ ಟಾರಿಗೆ ಬಂದ್ಬಿಡಿ.

ತಗೊಂಡ್ಮೇಲೆ

ಕಂಪನಿ ಸರ್ವೀಸ್ ಪುಸ್ತಕದಲ್ಲಿ ಬರ್ದಿರೋದು ಮಾಮೂಲಿ ರೋಡಿನ ಲೆಕ್ಕ, ನಮ್ಮ ಮಳೆ, ಧೂಳಿಗೆ ಅದನ್ನ ಅರ್ಧ ಮಾಡ್ಕೊಳಿ. ಬೇಸಿಗೇಲಿ ಏರ್ ಫಿಲ್ಟರ್, ಮಳೆಗಾಲದಲ್ಲಿ ಬ್ರೇಕ್ ಪ್ಯಾಡು, ಈ ಎರಡನ್ನ ಮಾತ್ರ ಕಣ್ಣಲ್ಲಿ ಕಣ್ಣಿಟ್ಟು ನೋಡಿ, ಮರಳು ಮಿಕ್ಸಾದ ಕೆಸರು ಹೊಸ ಪ್ಯಾಡನ್ನ ನೀವು ಅಂದ್ಕೊಂಡಿದ್ದಕ್ಕಿಂತ ಬೇಗ ತಿಂದು ಹಾಕತ್ತೆ. ಚೈನಿಗೆ ಪ್ರತಿ ಸಲ ತೊಳೆದ ಮೇಲೆ ಎಣ್ಣೆ. ಪ್ರೆಷರ್ ವಾಟರ್ ಪೈಪನ್ನ ಚಕ್ರದ ಮಧ್ಯಕ್ಕೆ ನೇರ ಹಿಡೀಬೇಡಿ, ಸೀಲ್ ದಾಟಿ ನೀರು ಬೇರಿಂಗಿಗೆ ಹೋಗತ್ತೆ, ವಾಷಿಂಗ್ ಹುಡುಗ್ರಿಗೆ ಇದನ್ನ ಪ್ರತಿ ಸಲ ಹೇಳ್ಲೇಬೇಕು. ಹಳ್ಳ ದಾಟಿದ ದಿನ ಮನೆಗೆ ಬಂದು ಆಯಿಲ್ ನೋಡೋ ಕಿಂಡೀಲಿ ಒಂದ್ಸಲ ಇಣುಕಿ, ಆಯಿಲ್ ಹಾಲು ಬೆರೆಸಿದಂಗೆ ಬೆಳ್ಳಗೆ ಕಂಡ್ರೆ ನೀರು ಸೇರಿದೆ, ಸ್ಟಾರ್ಟ್ ಮಾಡ್ದೇ ಮೆಕ್ಯಾನಿಕ್ಕಿಗೆ ಫೋನ್ ಮಾಡಿ.